ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ

ಕಲಬುರಗಿಯ ಖೂಬಾ ಪ್ಲಾಟಿನ ರಸ್ತೆಯಲ್ಲಿ ನಡೆದು ಹೋಗುವಾಗ ನಮ್ಮ ಕಣ್ಣು ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎಂಬುದನ್ನು ನಾವು ಎಣಿಸುವುದಿಲ್ಲ. ದವಾಖಾನೆಯ ಬೋರ್ಡು ಕನ್ನಡದಲ್ಲಿದೆ, ಅದರ ಕೆಳಗೆ ಇಂಗ್ಲಿಷ್ ಇದೆ, ಕೈಯಲ್ಲಿರುವ ಮದುವೆಯ ಪತ್ರಿಕೆಯ ಒಂದು ಮಗ್ಗುಲಲ್ಲಿ ಉರ್ದು ಇದೆ. ಖೂಬಾ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ಎಡಗಡೆಯ 'ಖೂ'ದಿಂದ ಶುರುವಾಗುತ್ತದೆ, ಉರ್ದುವಿನಲ್ಲಿ ಬರೆದರೆ ಬಲಗಡೆಯ 'ಖೇ'ಯಿಂದ. ಎಲ್ಲರಿಗೂ ಅದೊಂದು ಮನೆತನದ ಹೆಸರು. ಉರ್ದು ಬಲ್ಲವರ ಕಿವಿಯಲ್ಲಿ ಮಾತ್ರ 'ಖೂಬ್', ಅಂದರೆ ಚೆನ್ನ, ಎಂಬ ಅರ್ಥವೂ ಸುಳಿದು ಹೋಗುತ್ತದೆ. ಅಲಿಫ್, ಬೇ ಕಲಿತು ಬಳಿಕ ಅ, ಆ ಕಲಿತ ನಮ್ಮಂಥವರಿಗೆ ಈ ತಿರುಗಾಟ ಉಸಿರಾಟದಷ್ಟು ಸಹಜವಾಗಿದೆ. ಆದರೆ ಒಂದೇ ತಲೆಯೊಳಗೆ ಎರಡು ದಿಕ್ಕುಗಳು ಹೇಗೆ ಒಗ್ಗಿಕೊಂಡಿರುತ್ತವೆ ಎಂಬ ಪ್ರಶ್ನೆಗೆ ಒಂದು ದೀರ್ಘ ಚರಿತ್ರೆಯಿದೆ. ಆ ಚರಿತ್ರೆ ಕೈರೋದಿಂದ ಪ್ಯಾರಿಸ್‌ವರೆಗೆ, ಮೈಸೂರಿನಿಂದ ಲಖನೌವರೆಗೆ ಹರಡಿದೆ. ನಮ್ಮ ಮಕ್ಕಳ ಶಾಲೆಯ ಬಾಗಿಲಿಗೂ ಅದು ಬಂದು ಮುಟ್ಟುತ್ತದೆ.

ಮೊದಲು ಊರಿನ ವಿಷಯ. 1347ರಲ್ಲಿ ಬಹಮನಿ ಸುಲ್ತಾನರು ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡ ಮೇಲೆ ದರ್ಬಾರಿನ ಬರಹ ಪಾರ್ಸಿಯದಾಯಿತು. 1400ರ ಸುಮಾರಿಗೆ ಹಜ್ರತ್ ಖ್ವಾಜಾ ಬಂದೇ ನವಾಜ್ ಗೇಸೂದರಾಜರು ಇಲ್ಲಿಗೆ ಬಂದು ನೆಲೆಸಿದರು. 1422ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಈ ಊರು ಅರಬ್ಬಿ, ಪಾರ್ಸಿ, ದಖನಿಗಳ ವಿದ್ಯಾಕೇಂದ್ರವಾಗಿತ್ತು. ಸುತ್ತಲಿನ ಹಳ್ಳಿಗಳ ಮಾತು ಕನ್ನಡವಾಗಿಯೇ ಉಳಿಯಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. ಕೋರ್ಟು, ಕಂದಾಯ, ಪೊಲೀಸು, ಶಾಲೆ ಎಲ್ಲವೂ ಉರ್ದುಮಯವಾದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಲಾಗುತ್ತಿತ್ತು. ಹೀಗಾಗಿ 1948ಕ್ಕಿಂತ ಮೊದಲು ಈ ಭಾಗದಲ್ಲಿ ಓದಿದವರು, ಅವರು ಲಿಂಗಾಯತರಿರಲಿ ಬ್ರಾಹ್ಮಣರಿರಲಿ ಮುಸ್ಲಿಮರಿರಲಿ, ಉರ್ದು ಲಿಪಿಯನ್ನು ಬಲ್ಲವರೇ ಆಗಿದ್ದರು. ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು. ರಾಯಚೂರು ಸೀಮೆಯ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದವರು, 'ಉಮ್ರಾವ್ ಜಾನ್ ಅದಾ'ವನ್ನು ಕನ್ನಡಕ್ಕೆ ತಂದವರು. ಅವರ ತಲೆಮಾರಿಗೆ ಎರಡು ದಿಕ್ಕಿನ ಓದು ವಿಶೇಷವೇನೂ ಆಗಿರಲಿಲ್ಲ. ಮನೆಯ ಹಿರಿಯರು ಬೆಳಿಗ್ಗೆ ಉರ್ದು ಪತ್ರಿಕೆ ಓದಿ ಸಂಜೆ ಶರಣರ ವಚನ ಓದುತ್ತಿದ್ದ ಉದಾಹರಣೆಗಳು ಈ ಸೀಮೆಯಲ್ಲಿ ಬೇಕಾದಷ್ಟು ಸಿಗುತ್ತವೆ.

1948ರ ನಂತರ, ವಿಶೇಷವಾಗಿ 1956ರ ಏಕೀಕರಣದ ನಂತರ, ಚಿತ್ರ ಬದಲಾಯಿತು. ಕನ್ನಡಕ್ಕೆ ಅದರ ನ್ಯಾಯವಾದ ಜಾಗ ಸಿಕ್ಕಿತು. ಅದು ಸಿಗಬೇಕಾದದ್ದೇ. ಜೊತೆಗೆ ಉರ್ದು ಲಿಪಿ ಮುಸ್ಲಿಮರ ಮನೆಯೊಳಗೆ ಮಾತ್ರ ಉಳಿಯಿತು. ಈಗ ಅಲ್ಲಿಯೂ ಒಂದು ಅನುಮಾನ ಹುಟ್ಟಿಕೊಂಡಿದೆ. 'ಎರಡು ದಿಕ್ಕಿನ ಲಿಪಿ ಕಲಿಸಿದರೆ ಮಗುವಿನ ತಲೆ ಗೊಂದಲವಾಗುತ್ತದೆ', 'ಉರ್ದು ಓದುವ ಮಗುವಿನ ಮಿದುಳು ತಿರುವುಮುರುವಾಗಿ ಕೆಲಸ ಮಾಡುತ್ತದೆ' ಎಂಬ ಮಾತುಗಳನ್ನು ನಾವು ಅನ್ಯರ ಬಾಯಲ್ಲಿ ಮಾತ್ರವಲ್ಲ, ನಮ್ಮವರ ಬಾಯಲ್ಲಿಯೂ ಕೇಳುತ್ತಿದ್ದೇವೆ. ಒಂದನ್ನು ಬಿಡಿಸುವುದಾದರೆ ಯಾವುದನ್ನು ಎಂಬ ಪ್ರಶ್ನೆಗೆ ಒಬ್ಬರು ಉರ್ದುವನ್ನು ತೋರಿಸುತ್ತಾರೆ, ಇನ್ನೊಬ್ಬರು ಕನ್ನಡವನ್ನು. ಇದು ಭಾಷಾಭಿಮಾನದ ಜಗಳವಾಗಿದ್ದರೆ ನಾವು ಬೇರೆ ರೀತಿಯಲ್ಲಿ ಉತ್ತರಿಸಬಹುದಿತ್ತು. ಇಲ್ಲಿ ಮಿದುಳನ್ನೇ ಸಾಕ್ಷಿಗೆ ಕರೆಯಲಾಗಿದೆ. ಹಾಗಾದರೆ ಮಿದುಳು ಏನು ಹೇಳುತ್ತದೆ ಎಂದು ಕೇಳೋಣ.

ಕಣ್ಣು ಪುಟವನ್ನು ಒಂದೇ ಸಲಕ್ಕೆ ನೋಡುವುದಿಲ್ಲ. ಕಣ್ಣಿನ ಹಿಂದಿನ ಪರದೆಯ ನಡುವೆ ಸಾಸಿವೆ ಕಾಳಿನಷ್ಟು ಜಾಗವಿದೆ. ಅಲ್ಲಿ ಬಿದ್ದದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಉಳಿದದ್ದು ಮಸುಕು. ಆದ್ದರಿಂದ ಓದುವಾಗ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತದೆ, ಪ್ರತಿ ನಿಲ್ದಾಣದಲ್ಲಿ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ಮುಂದೆ ಎಲ್ಲಿಗೆ ಜಿಗಿಯಬೇಕೆಂದು ತೀರ್ಮಾನಿಸುವುದು ಗಮನ. ಉರ್ದುವಿನಲ್ಲಿ ತವಜ್ಜೋ, ನಮ್ಮ ಕಡೆಯ ಆಡುಮಾತಿನಲ್ಲಿ ಲಕ್ಷ್ಯ. ಕಣ್ಣು ಹೋಗುವ ಮೊದಲೇ ಲಕ್ಷ್ಯ ಹೋಗಿರುತ್ತದೆ. ಕಣ್ಣನ್ನು ಅಲ್ಲಾಡಿಸದೆಯೂ ಲಕ್ಷ್ಯವನ್ನು ಪಕ್ಕಕ್ಕೆ ಸರಿಸಬಹುದೆಂದು ಅಮೆರಿಕದ ಮೈಕೆಲ್ ಪೋಸ್ನರ್ 1980ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಶಾಲೆಯಲ್ಲಿ ಕಣ್ಣನ್ನು ಮಾಸ್ತರರ ಮೇಲಿಟ್ಟು ಲಕ್ಷ್ಯವನ್ನು ಬಾಗಿಲ ಕಡೆ ಇಟ್ಟುಕೊಂಡಿದ್ದ ಯಾರಿಗೂ ಇದನ್ನು ಪ್ರಯೋಗ ಮಾಡಿ ತೋರಿಸಬೇಕಿಲ್ಲ.

ಈ ವಿಚಾರವನ್ನು ಬಹಳ ಹಿಂದೆಯೇ ಕ್ರಮಬದ್ಧವಾಗಿ ಬರೆದವರಲ್ಲಿ ಪ್ರಮುಖರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಸುಮಾರು 1040ರಲ್ಲಿ ಕೈರೋದಲ್ಲಿ ತೀರಿಕೊಂಡವರು. ಅವರ 'ಕಿತಾಬುಲ್ ಮನಾಜಿರ್' ಹನ್ನೊಂದನೇ ಶತಮಾನದ ಮೊದಲ ದಶಕಗಳ ಕೃತಿ. ನೋಡುವುದರಲ್ಲಿ ಎರಡು ಬಗೆಯಿದೆ ಎಂದು ಅವರು ವಿವರಿಸುತ್ತಾರೆ. ಒಂದು, ಥಟ್ಟನೆ ಬೀಳುವ ನೋಟ. ಇನ್ನೊಂದು, ಕಣ್ಣಿನ ನಡುರೇಖೆಯನ್ನು ವಸ್ತುವಿನ ಒಂದೊಂದು ಭಾಗದ ಮೇಲೂ ಹಾಯಿಸಿ ಪರಿಶೀಲಿಸುವ ನೋಟ. ಅವರು ಕೊಡುವ ಉದಾಹರಣೆಗಳಲ್ಲಿ ಒಂದು ಓದಿನದೇ ಆಗಿರುವುದು ನಮಗೆ ಬಹಳ ಹಿಡಿಸಿತು. ಅಕ್ಷರಸ್ಥನು 'ಅಬ್ಜದ್' ಎಂಬ ಪರಿಚಿತ ಪದವನ್ನು ಕಂಡರೆ ಒಂದೊಂದೇ ಅಕ್ಷರ ಕೂಡಿಸದೆ ಅದರ ಆಕಾರದಿಂದಲೇ ಗುರುತಿಸುತ್ತಾನೆ. ಹಿಂದೆ ಕಾಣದ ಪದವಾದರೆ ಅಕ್ಷರ ಅಕ್ಷರವನ್ನೂ ಹುಡುಕಬೇಕಾಗುತ್ತದೆ ಎಂಬುದು ಅವರ ವಿವರಣೆಯ ಸಾರ. ಬಲದಿಂದ ಎಡಕ್ಕೆ ಓದುವ ಕಣ್ಣನ್ನು ಸಾವಿರ ವರ್ಷಗಳ ಹಿಂದೆ ಹೀಗೆ ಗಮನಿಸಲಾಗಿತ್ತು. ಎರಡು ಕಣ್ಣುಗಳಿಂದ ಬರುವ ನರಗಳು ಒಂದೆಡೆ ಕೂಡಿ ಎರಡು ಬಿಂಬಗಳು ಒಂದಾಗುತ್ತವೆ ಎಂಬ ಗ್ಯಾಲೆನನ ವಿಚಾರವನ್ನು ಅವರು ಮುಂದುವರಿಸಿದರು. 1083ರಲ್ಲಿ ನಕಲು ಮಾಡಿದ ಆ ಗ್ರಂಥದ ಹಸ್ತಪ್ರತಿಯೊಂದು ಇಸ್ತಾಂಬುಲಿನ ಸುಲೈಮಾನಿಯಾ ಗ್ರಂಥಾಲಯದಲ್ಲಿದೆ. ಎರಡು ಕಣ್ಣು, ಎರಡು ನರ, ಅವುಗಳ ಕೂಡುದಾಣ ಇರುವ ಚಿತ್ರವೊಂದು ಅದರಲ್ಲಿದೆ.

ನಮ್ಮ ಪತ್ರಿಕೆಗಳಲ್ಲಿ ಇಂಥ ಹೆಸರು ಬಂದ ಕೂಡಲೇ 'ಎಲ್ಲವನ್ನೂ ನಮ್ಮವರೇ ಮೊದಲು ಹೇಳಿಬಿಟ್ಟಿದ್ದರು' ಎಂದು ಬರೆಯುವ ಚಾಳಿಯಿದೆ. ಇಬ್ನುಲ್ ಹೈಸಮರಿಗೆ ಅದರಿಂದ ಗೌರವವೇನೂ ಹೆಚ್ಚುವುದಿಲ್ಲ. ಬಿಂಬ ಹಿಂದಿನ ಪರದೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ ಎಂದು ವಿವರಿಸಿದ್ದು 1604ರಲ್ಲಿ ಕೆಪ್ಲರ್. ಕೂಡುದಾಣದಲ್ಲಿ ನರದ ಎಳೆಗಳು ಅರ್ಧರ್ಧ ಹಂಚಿಹೋಗುತ್ತವೆ ಎಂಬ ಊಹೆಯನ್ನು ಮುಂದಿಟ್ಟಿದ್ದು ನ್ಯೂಟನ್, 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ. ಆ ಊಹೆ ನಿಜವಾಯಿತು. ಇಡೀ ವಿಷಯದ ಗಂಟು ಇರುವುದೇ ಅಲ್ಲಿ.

ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಮಿದುಳು ಅಖ್ರೋಟಿನಂತೆ ಎರಡು ಹೋಳು. ಬಲಗಣ್ಣು ಬಲ ಹೋಳಿಗೆ, ಎಡಗಣ್ಣು ಎಡ ಹೋಳಿಗೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಾವು ಎದುರಿಗಿನ ಒಂದು ಚುಕ್ಕೆಯನ್ನು ನೋಡುತ್ತಿದ್ದರೆ, ಆ ಚುಕ್ಕೆಯ ಬಲಗಡೆಯ ಜಗತ್ತು ಎರಡೂ ಕಣ್ಣುಗಳಿಂದ ಹೊರಟು ಎಡ ಹೋಳಿಗೆ ಹೋಗುತ್ತದೆ; ಎಡಗಡೆಯ ಜಗತ್ತು ಬಲ ಹೋಳಿಗೆ ಹೋಗುತ್ತದೆ. ಎರಡು ಅರ್ಧಗಳನ್ನು ಜೋಡಿಸುವುದು ಹೋಳುಗಳ ನಡುವಿನ ದಪ್ಪ ನರಸೇತುವೆ. ವೈದ್ಯರು ಅದನ್ನು ಕಾರ್ಪಸ್ ಕ್ಯಾಲೋಸಮ್ ಎನ್ನುತ್ತಾರೆ. ಸುಮಾರು 20 ಕೋಟಿ ಎಳೆಗಳ ಸೇತುವೆ ಅದು. ಮಾತಿನ ಕೆಲಸ ಬಹುಪಾಲು ಜನರಲ್ಲಿ ಎಡ ಹೋಳಿನದು. ಇದನ್ನು ಫ್ರಾನ್ಸಿನ ಬ್ರೋಕಾ 1860ರ ದಶಕದಲ್ಲೇ ಗುರುತಿಸಿದ್ದರು.

ಈಗ ಪುಟಕ್ಕೆ ಬನ್ನಿ. ಕನ್ನಡ ಓದುವಾಗ ಮುಂದೆ ಬರಲಿರುವ ಪದ ಬಲಗಡೆಯಿರುತ್ತದೆ. ಅದು ನೇರವಾಗಿ ಎಡ ಹೋಳಿಗೆ, ಮಾತಿನ ಮನೆಗೇ ಹೋಗುತ್ತದೆ. ಉರ್ದು ಓದುವಾಗ ಮುಂದಿನ ಪದ ಎಡಗಡೆಯಿರುತ್ತದೆ. ಅದು ಮೊದಲು ಬಲ ಹೋಳಿಗೆ ಹೋಗಿ, ಸೇತುವೆ ದಾಟಿ, ಮಾತಿನ ಮನೆ ಸೇರಬೇಕು. ದಾಟಲು ಬೇಕಾಗುವ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನದು. ಆದರೂ ದಾರಿ ಸುತ್ತಿನದೇ. ಹಾಗಾದರೆ ಉರ್ದು ಓದುವ ಮಿದುಳು ನಿಸರ್ಗದ ವಿರುದ್ಧ ಈಜುತ್ತಿದೆಯೇ? ಗೊಂದಲದ ಮಾತಾಡುವವರ ಬಳಿ ವಿಜ್ಞಾನದಂತೆ ಕಾಣುವ ವಾದವೊಂದಿದ್ದರೆ ಅದು ಇದೇ.

ಸೇತುವೆಯ ಮಹತ್ವ ತಿಳಿದದ್ದು ಅದು ಮುರಿದಾಗ. 1887ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಬ್ಬ ಸುಶಿಕ್ಷಿತ ವ್ಯಕ್ತಿಗೆ ಇದ್ದಕ್ಕಿದ್ದಂತೆ ಒಂದು ಪದವನ್ನೂ ಓದಲಾಗಲಿಲ್ಲ. ಮಾತು ಸರಿಯಿತ್ತು. ಬರೆಯಬಲ್ಲವರಾಗಿದ್ದರು. ತಾವೇ ಬರೆದದ್ದನ್ನು ಮರುಕ್ಷಣ ಓದಲಾರರು. ಅಂಕಿಗಳನ್ನು ಓದುತ್ತಿದ್ದರು, ಲೆಕ್ಕ ಮಾಡುತ್ತಿದ್ದರು, ಅಕ್ಷರಗಳು ಮಾತ್ರ ಬರೀ ಗೆರೆಗಳಾಗಿದ್ದವು. ಬೆರಳಿನಿಂದ ಅಕ್ಷರದ ಗೆರೆಯನ್ನು ತಿದ್ದಿದರೆ ಗುರುತು ಹತ್ತುತ್ತಿತ್ತು. 1892ರಲ್ಲಿ ಅವರು ತೀರಿಕೊಂಡ ಮೇಲೆ ವೈದ್ಯ ಜೂಲ್ ದೆಜೆರಿನ್ ಮಿದುಳನ್ನು ಪರೀಕ್ಷಿಸಿ ವರದಿ ಬರೆದರು. ಎಡ ಹೋಳಿನ ಹಿಂಭಾಗದ ನೋಟದ ಜಾಗ ಕೆಟ್ಟಿತ್ತು, ಸೇತುವೆಯ ಹಿಂತುದಿಯೂ ಕೆಟ್ಟಿತ್ತು. ಬಲ ಹೋಳು ಅಕ್ಷರವನ್ನು ಕಾಣುತ್ತಿತ್ತು. ಕಂಡದ್ದನ್ನು ಎಡಕ್ಕೆ ದಾಟಿಸಲು ದಾರಿಯಿರಲಿಲ್ಲ. ಕಥೆ ಬರೆಯುವ ನಮಗೆ ಈ ಮನುಷ್ಯ ಆಗಾಗ ನೆನಪಾಗುತ್ತಾನೆ. ತನ್ನ ಕೈಬರಹವೇ ತನಗೆ ಪರಭಾಷೆಯಾಗಿ ಹೋದವನು.

ಇಂಥದೇ ಪ್ರಕರಣ ನಮ್ಮ ರಾಜ್ಯದಿಂದಲೂ ದಾಖಲಾಗಿದೆ. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಒಬ್ಬ ರೋಗಿ ಓದುವ ಶಕ್ತಿಯನ್ನು ಕಳೆದುಕೊಂಡ ಪ್ರಕರಣವನ್ನು ಪ್ರತಿಭಾ ಕಾರಂತರು 1981ರಲ್ಲಿ 'ಕಾರ್ಟೆಕ್ಸ್' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಆವರೆಗೆ ಓದು ಮತ್ತು ಮಿದುಳಿನ ಕುರಿತ ಹೆಚ್ಚಿನ ಬರಹಗಳು ಯುರೋಪಿನ ಅಕ್ಷರಮಾಲೆಗಳನ್ನು ಆಧರಿಸಿದ್ದವು. ಒತ್ತು, ಗುಣಿತಗಳಿರುವ ನಮ್ಮ ಲಿಪಿ ಆ ಚರ್ಚೆಗೆ ಪ್ರವೇಶ ಪಡೆದದ್ದು ಇಂಥ ಕೆಲಸಗಳಿಂದ. ನಮ್ಮ ಸಾಹಿತ್ಯ ಪತ್ರಿಕೆಗಳು ಇದನ್ನು ಗಮನಿಸಲೇ ಇಲ್ಲವೆಂಬುದು ಬೇರೆ ಮಾತು.

1960ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ ಮತ್ತವರ ಶಿಷ್ಯ ಮೈಕೆಲ್ ಗಜಾನಿಗ ಇನ್ನೂ ವಿಚಿತ್ರವಾದದ್ದನ್ನು ಕಂಡರು. ಮೂರ್ಛೆರೋಗ ಹತೋಟಿಗೆ ಬಾರದ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಸೇತುವೆಯನ್ನೇ ಕತ್ತರಿಸಲಾಗಿತ್ತು. ಅವರ ನೋಟದ ಬಲಗಡೆ ಒಂದು ಪದ ಮಿಂಚಿದರೆ ಓದಿ ಹೇಳುತ್ತಿದ್ದರು. ಎಡಗಡೆ ಮಿಂಚಿದರೆ 'ಏನೂ ಕಾಣಲಿಲ್ಲ' ಎನ್ನುತ್ತಿದ್ದರು. ಆದರೆ ಅವರ ಎಡಗೈ ಆ ಪದ ಸೂಚಿಸಿದ ವಸ್ತುವನ್ನು ತಡಕಿ ಎತ್ತಿಕೊಳ್ಳುತ್ತಿತ್ತು. ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಂತು. ಸೇತುವೆ ಕತ್ತರಿಸಿದವರಲ್ಲೂ ಅರಿವು ಪೂರ್ತಿ ಇಬ್ಭಾಗವಾಗುವುದಿಲ್ಲ ಎಂದು 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಾಯಿರ್ ಪಿಂಟೊ ಮತ್ತು ಸಂಗಡಿಗರು ವಾದಿಸಿದ್ದಾರೆ; ಆ ಚರ್ಚೆ ಮುಗಿದಿಲ್ಲ.

ಆದರೆ ಸಂತೆಗೆ ಬಂದ ಸುದ್ದಿ ಬೇರೆಯದೇ. ಎಡ ಮಿದುಳಿನವರು ಲೆಕ್ಕದವರು, ಬಲ ಮಿದುಳಿನವರು ಕಲೆಯವರು ಎಂಬ ಸುಲಭದ ವಿಂಗಡಣೆ ಹುಟ್ಟಿತು. ಇಡಿಯಾದ ಮಿದುಳಿರುವ ಯಾರಲ್ಲೂ ಹೋಳುಗಳು ಹೀಗೆ ಬೇರೆ ಬೇರೆ ಸಂಸಾರ ಹೂಡುವುದಿಲ್ಲ. ಉರ್ದು ಬಲ ಮಿದುಳಿನ ಲಿಪಿ, ಅದಕ್ಕೇ ಅಲ್ಲಿ ಶಾಯರಿ ಹೆಚ್ಚು ಎಂದು ಒಬ್ಬ ಮಿತ್ರರು ಹೆಮ್ಮೆಯಿಂದಲೇ ನಮಗೆ ಹೇಳಿದ್ದರು. ಹೆಮ್ಮೆಯಾದರೂ ಸರಿ, ಸುಳ್ಳು ಸುಳ್ಳೇ. ಉರ್ದು ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡೂ ಭಾಷೆಗಳ ಪದಗಳನ್ನು ಗುರುತಿಸುವುದರಲ್ಲಿ ಎಡ ಹೋಳಿನದೇ ಮೇಲುಗೈ ಕಂಡಿತ್ತು. 2010ರ ದಶಕದಲ್ಲಿ 'ಮಿಡ್‌ಬ್ರೈನ್ ಆಕ್ಟಿವೇಶನ್' ಎಂಬ ಕ್ಲಾಸುಗಳು ನಮ್ಮ ರಾಜ್ಯದ ಪಟ್ಟಣಗಳಿಗೂ ಬಂದವು. ಮಿದುಳಿನ ನಡುಭಾಗವನ್ನು ಎಬ್ಬಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುವಂತೆ ಮಕ್ಕಳನ್ನು ತಯಾರು ಮಾಡುತ್ತೇವೆಂದು ಸಾವಿರಾರು ರೂಪಾಯಿ ಶುಲ್ಕ ಪಡೆದರು. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಓದುತ್ತಾರೆಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಊರೂರಲ್ಲಿ ತೋರಿಸಿಕೊಟ್ಟರು. ಎರಡು ಲಿಪಿ ಮಗುವಿಗೆ ಹೊರೆಯೆನ್ನುವ ಪಾಲಕರೇ ಈ ಕ್ಲಾಸುಗಳ ಸಾಲಿನಲ್ಲಿ ನಿಂತದ್ದು ನಮಗೆ ಬೇಸರ ತರಿಸಿತ್ತು.

ಮತ್ತೆ ಆ ಸುತ್ತಿನ ದಾರಿಯ ಪ್ರಶ್ನೆಗೆ ಬರೋಣ. ಮಾತಿನ ಮನೆ ಎಡದಲ್ಲಿರುವುದರಿಂದ ಓದುವವರ ಲಕ್ಷ್ಯ ಯಾವಾಗಲೂ ಬಲಗಡೆಗೇ ಎಳೆಯಬೇಕು ಎಂಬ ವಾದ ಒಂದು ಕಾಲಕ್ಕೆ ಬಲವಾಗಿಯೇ ಇತ್ತು. ಇಂಗ್ಲಿಷ್ ಓದುವವರು ಕಣ್ಣು ನಿಂತ ಜಾಗದಿಂದ ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಿಂದ ಮಾಹಿತಿ ಹೀರುತ್ತಾರೆಂದು 1970ರ ದಶಕದಲ್ಲಿ ತಿಳಿದಿತ್ತು. ಇದು ಮಿದುಳಿನ ರಚನೆಯ ಫಲವೋ, ಲಿಪಿಯ ಅಭ್ಯಾಸದ ಫಲವೋ? 1981ರಲ್ಲಿ ಪೊಲಾಟ್ಸೆಕ್ ಮತ್ತು ಸಂಗಡಿಗರು ಹೀಬ್ರೂ, ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದರು. ಅದೇ ಮನುಷ್ಯ ಇಂಗ್ಲಿಷ್ ಓದುವಾಗ ಲಕ್ಷ್ಯದ ಕಿಟಕಿ ಬಲಕ್ಕೆ ವಾಲಿತ್ತು. ಹೀಬ್ರೂ ಓದುವಾಗ ಎಡಕ್ಕೆ ವಾಲಿತು. 2014ರಲ್ಲಿ ಇಂಗ್ಲೆಂಡಿನ ಕೆವಿನ್ ಪ್ಯಾಟರ್ಸನ್ ಮತ್ತಿತರರು ಉರ್ದು ಮತ್ತು ಇಂಗ್ಲಿಷ್ ಎರಡೂ ಓದುವವರಲ್ಲಿ ಇದನ್ನೇ ಕಂಡರು. ಮಿದುಳು ಅದೇ, ಸೇತುವೆ ಅದೇ, ಮಾತಿನ ಮನೆ ಅದೇ. ಪುಟ ಬದಲಾದ ಕೂಡಲೇ ಲಕ್ಷ್ಯ ತನ್ನ ಕಿಟಕಿಯನ್ನು ಈ ಗೋಡೆಯಿಂದ ಆ ಗೋಡೆಗೆ ಹೊತ್ತುಕೊಂಡು ಹೋಗುತ್ತದೆ. ಅದನ್ನು ಹೊರಿಸಿದವರು ಶಾಲೆಯ ಮಾಸ್ತರರು ಮತ್ತು ಮದ್ರಸದ ಮೌಲವಿ ಸಾಹೇಬರು. ಹುಟ್ಟಿನಿಂದ ಬಂದದ್ದಲ್ಲ, ಮಜ್‌ಹಬಿನಿಂದ ಬಂದದ್ದೂ ಅಲ್ಲ.

ಈ ಅಭ್ಯಾಸ ಪುಟದ ಹೊರಗೂ ಚಾಚುತ್ತದೆ. ಮೈಸೂರು ವಿಶ್ವವಿದ್ಯಾಲಯದ ಪ್ರಕಾಶ್ ಪದಕಣ್ಣಾಯ ಅವರು ಅಮೆರಿಕದಲ್ಲಿರುವ ಜ್ಯೋತ್ಸ್ನಾ ವೈದ್ ಮೊದಲಾದವರೊಂದಿಗೆ 2002ರಲ್ಲಿ 'ಬ್ರೈನ್ ಅಂಡ್ ಕಾಗ್ನಿಶನ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ದಿಕ್ಕಿನ ಲಿಪಿ ಓದುವವರ ಮುಂದೆ ಚಿತ್ರಗಳನ್ನಿಟ್ಟು ಹೆಸರಿಸಿರಿ, ಆಮೇಲೆ ನೆನಪಿಸಿಕೊಳ್ಳಿರಿ ಎಂದು ಕೇಳಲಾಗಿತ್ತು. ಯಾರ ಕಣ್ಣು ಯಾವ ಕಡೆಯಿಂದ ಶುರುವಾಗುತ್ತದೆ ಎಂಬುದು ಅವರ ಓದಿನ ದಿಕ್ಕನ್ನೂ, ಆ ಅಭ್ಯಾಸ ಎಷ್ಟು ಗಟ್ಟಿಯಾಗಿದೆ ಎಂಬುದನ್ನೂ ಅನುಸರಿಸಿತ್ತು. ಅದಕ್ಕೂ ಮೊದಲು, 1989ರಲ್ಲಿ, ಇದೇ ಜ್ಯೋತ್ಸ್ನಾ ವೈದ್ ಮತ್ತು ಮಹಾರಾಜ್ ಸಿಂಗ್ ಅವರು ಅರ್ಧ ನಗುವ, ಅರ್ಧ ನಗದ ಮುಖಗಳ ಚಿತ್ರ ತೋರಿಸಿದ್ದರು. ಮುಖದ ಭಾವ ಓದುವುದರಲ್ಲಿ ಬಲ ಹೋಳು ಮುಂದು, ಆದ್ದರಿಂದ ಎಲ್ಲರೂ ಎಡಗಡೆಯ ಅರ್ಧಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ ಎಂದು ಆವರೆಗೆ ನಂಬಲಾಗಿತ್ತು. ಹಿಂದಿ ಓದುವವರಲ್ಲಿ ಎದ್ದು ಕಂಡ ಆ ಒಲವು ಬಲದಿಂದ ಎಡಕ್ಕೆ ಓದುವವರಲ್ಲಿ ಅಷ್ಟಾಗಿ ಕಾಣಲಿಲ್ಲ. ನಗುವನ್ನು ಗುರುತಿಸುವಾಗಲೂ ಬಾಲ್ಯದ ಪಾಟಿ ಬಳಪ ಕಣ್ಣನ್ನು ಬಿಟ್ಟಿರುವುದಿಲ್ಲ.

ಹಾಗೆಂದು ಉರ್ದು ಓದುವುದರಲ್ಲಿ ಕಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಿಂದಿ ಮತ್ತು ಉರ್ದು ಎರಡೂ ಲಿಪಿ ಬಲ್ಲವರು ಹಿಂದಿ ಪದಗಳನ್ನು ಬೇಗನೆ, ಉರ್ದು ಪದಗಳನ್ನು ನಿಧಾನವಾಗಿ ಉಚ್ಚರಿಸುತ್ತಾರೆಂದು 2011ರ ಒಂದು ಅಧ್ಯಯನ ತೋರಿಸಿದೆ. ಕಾರಣ ದಿಕ್ಕಿನದಲ್ಲ, ಬರಹದ ಸ್ವಭಾವದ್ದು. ಉರ್ದುವಿನಲ್ಲಿ ಹ್ರಸ್ವ ಸ್ವರಗಳ ಗುರುತನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಮೀಮ್, ಲಾಮ್, ಕಾಫ್ ಎಂಬ ಮೂರು ಅಕ್ಷರ ಬರೆದರೆ ಅದು 'ಮುಲ್ಕ್' ಆಗಿ ದೇಶವಾಗಬಹುದು, 'ಮಲಿಕ್' ಆಗಿ ದೊರೆಯಾಗಬಹುದು, 'ಮಲಕ್' ಆಗಿ ದೇವದೂತನಾಗಬಹುದು, 'ಮಿಲ್ಕ್' ಆಗಿ ಆಸ್ತಿಯಾಗಬಹುದು. ವಾಕ್ಯ ಪೂರ್ತಿ ಕಂಡಾಗಲೇ ತೀರ್ಮಾನ. ಚುಕ್ಕೆಗಳು ಮೇಲೊಂದು ಕೆಳಗೆರಡು, ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಇನ್ನೊಂದು. ಅಂಕಿ ಬಂದರಂತೂ ಅಷ್ಟನ್ನು ಎಡದಿಂದ ಬಲಕ್ಕೇ ಓದಿ ಮತ್ತೆ ಎಡಕ್ಕೆ ಹೊರಡಬೇಕು. ಕನ್ನಡವೂ ನಾವು ಅಂದುಕೊಂಡಷ್ಟು ನೇರವಲ್ಲ. 'ಸೂರ್ಯ' ಎಂದು ಬರೆದು ನೋಡಿ. ಬಾಯಿ 'ರ್' ಅನ್ನು ಮೊದಲು ಹೇಳುತ್ತದೆ, ಕಣ್ಣಿಗೆ 'ಯ' ಮೊದಲು ಕಾಣುತ್ತದೆ, ಅರ್ಕಾವೊತ್ತು ಅದರ ಬೆನ್ನಿಗೆ ನಿಂತಿರುತ್ತದೆ. ಓದುವವನು ಬಲಕ್ಕೆ ಹೋಗಿ ಅದನ್ನು ಹಿಡಿದು ಎಡಕ್ಕೆ ತರಬೇಕು. ಎಡದಿಂದ ಬಲಕ್ಕೆ ಸಾಗುವ ನಮ್ಮ ಲಿಪಿಯೊಳಗೇ ಉರ್ದುವಿನ ಒಂದು ಹೆಜ್ಜೆ ಅಡಗಿದೆ ಎಂದು ನಾವು ಗೆಳೆಯರೊಡನೆ ತಮಾಷೆ ಮಾಡುವುದುಂಟು.

ಈ ದಿಕ್ಕಿನ ವಿಚಾರ ಗಂಭೀರವಾಗುವುದು ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿದಾಗ. ಬಲ ಹೋಳಿಗೆ ಪೆಟ್ಟಾದ ಕೆಲವರಲ್ಲಿ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಜಗತ್ತು ಲಕ್ಷ್ಯದಿಂದ ಜಾರಿಹೋಗುತ್ತದೆ. ತಾಟಿನ ಬಲಗಡೆಯ ಅನ್ನ ಉಣ್ಣುತ್ತಾರೆ, ಎಡಗಡೆಯದು ಹಾಗೆಯೇ ಉಳಿಯುತ್ತದೆ. ಇಟಲಿಯ ಮಿಲಾನ್ ನಗರದಲ್ಲಿ ಬಿಸಿಯಾಕ್ ಮತ್ತು ಲುಜಾಟ್ಟಿ ಎಂಬ ವೈದ್ಯರು 1978ರಲ್ಲಿ ವರದಿ ಮಾಡಿದ ರೋಗಿಗಳಿಗೆ ತಮ್ಮೂರಿನ ದೊಡ್ಡ ಚೌಕವನ್ನು ನೆನಪಿನಿಂದ ವರ್ಣಿಸಲು ಹೇಳಲಾಯಿತು. ಚರ್ಚಿಗೆ ಮುಖ ಮಾಡಿ ನಿಂತಂತೆ ಭಾವಿಸಿದಾಗ ಬಲಗಡೆಯ ಕಟ್ಟಡಗಳನ್ನಷ್ಟೇ ಹೇಳಿದರು. ಚರ್ಚಿಗೆ ಬೆನ್ನು ಮಾಡಿ ನಿಂತಂತೆ ಭಾವಿಸಿದಾಗ, ಮೊದಲು ಬಿಟ್ಟವು ಈಗ ಬಲಕ್ಕೆ ಬಂದವು, ಅವನ್ನು ಹೇಳಿದರು. ನಮ್ಮ ಕೋಟೆಯ 1367ರ ಜಾಮಿಯಾ ಮಸೀದಿಯನ್ನು ಅಂಗೈಯಂತೆ ಬಲ್ಲ ಮುದುಕರೊಬ್ಬರು ಮಿಹ್ರಾಬಿನೆದುರು ಕಣ್ಮುಚ್ಚಿ ನಿಂತು ಎಡಗಡೆಯ ಕಮಾನುಗಳೆಲ್ಲವನ್ನೂ ಮರೆತಂತೆ ಇದು.

ಇಂಥವರ ಓದನ್ನು ಕಲ್ಪಿಸಿಕೊಳ್ಳಿ. ಕನ್ನಡ ಓದಿದ ಅಜ್ಜನಿಗೆ ಸಾಲಿನ ಆರಂಭ ತಪ್ಪಿಹೋಗುತ್ತದೆ. ನಡುವಿನಿಂದ ಹಿಡಿದು ಅರ್ಥವಾಗದೆ ಒದ್ದಾಡುತ್ತಾನೆ, ಮನೆಯವರಿಗೆ ಕೂಡಲೇ ತಿಳಿಯುತ್ತದೆ. ಉರ್ದು ಓದಿದ ದಾದಾನಿಗೆ ತಪ್ಪುವುದು ಸಾಲಿನ ಕೊನೆ. ಆರಂಭ ಸರಾಗವಾಗಿರುವುದರಿಂದ ಎಲ್ಲರೂ ಓದು ಸರಿಯಿದೆ ಎಂದುಕೊಂಡುಬಿಡಬಹುದು. ಹೀಬ್ರೂ ಓದುಗರಲ್ಲಿ ಹೀಗೆ ಪದಗಳ ಕೊನೆಯೇ ತಪ್ಪುವುದನ್ನು ಸಂಶೋಧಕರು ವಿವರವಾಗಿ ದಾಖಲಿಸಿದ್ದಾರೆ. ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು 'ಇಲ್ಲಿಂದ ಓದಿ' ಎಂದು ಅಭ್ಯಾಸ ಮಾಡಿಸುವ ಕ್ರಮವಿದೆ. ಉರ್ದು ಓದುಗನಿಗೆ ಅದೇ ಗೆರೆಯನ್ನು ತೋರಿಸಿ 'ಇದು ಕಾಣುವವರೆಗೆ ಓದಿ' ಎನ್ನಬೇಕಾಗುತ್ತದೆ. ಆದ್ದರಿಂದ ದವಾಖಾನೆಯಲ್ಲಿ ಹಿರಿಯರನ್ನು ತೋರಿಸುವಾಗ ಅವರು ಮೊದಲು ಕಲಿತ ಲಿಪಿ ಯಾವುದು, ನಿತ್ಯ ಓದುತ್ತಿದ್ದದ್ದು ಯಾವುದು ಎಂಬುದನ್ನು ವೈದ್ಯರು ಕೇಳದಿದ್ದರೂ ಮನೆಯವರು ಹೇಳಬೇಕು. ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಇದು ಸಣ್ಣ ಮಾತಲ್ಲ. ನಿಜಾಮರ ಕಾಲದ ಶಾಲೆಗಳಲ್ಲಿ ಓದಿದವರ ಪೈಕಿ ಹಿಂದೂಗಳೂ ಇದ್ದಾರೆಂಬುದನ್ನು ಮರೆಯಬಾರದು.

ಇನ್ನು ಮಕ್ಕಳ ವಿಷಯ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದಾಗಿ ರಾಜ್ಯದ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಕನ್ನಡ ಕಡ್ಡಾಯವಾಗಿದೆ. ಉರ್ದು ಶಾಲೆಯ ಮಗು ಈಗ ಮೊದಲ ವರ್ಷದಿಂದಲೇ ಎರಡೂ ದಿಕ್ಕು ನೋಡುತ್ತದೆ. ಆರಂಭದಲ್ಲಿ ಕೆಲವು ಮಕ್ಕಳು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ. 'ಉರ್ದು ಕಲಿತದ್ದರ ಫಲ' ಎಂದು ಮಗುವಿನ ಕೈಗೆ ಬೆತ್ತ ಬಿದ್ದದ್ದನ್ನು ನಮ್ಮ ಪೀಳಿಗೆಯವರು ಕಂಡಿದ್ದಾರೆ. ಐದಾರು ವರ್ಷದ ಮಕ್ಕಳು ಯಾವ ದೇಶದಲ್ಲಿ, ಯಾವ ಲಿಪಿ ಕಲಿತರೂ ಹೀಗೆ ಬರೆಯುತ್ತಾರೆ. ಎಡಕ್ಕೆ ಮುಖ ಮಾಡಿದ ಹಸುವೂ ಬಲಕ್ಕೆ ಮುಖ ಮಾಡಿದ ಹಸುವೂ ಒಂದೇ ಹಸು ಎಂದು ಕಣ್ಣು ಅದುವರೆಗೆ ಕಲಿತಿರುತ್ತದೆ. ಅಕ್ಷರದ ವಿಷಯದಲ್ಲಿ ಹಾಗಲ್ಲ ಎಂಬುದನ್ನು ಹೊಸದಾಗಿ ಕಲಿಯಬೇಕು. ಒಂದೆರಡು ವರ್ಷದಲ್ಲಿ ಅದು ತಾನಾಗಿ ಸರಿಯಾಗುತ್ತದೆ.

ಮಕ್ಕಳಷ್ಟೇ ಅಲ್ಲ. ಲಖನೌ ಸಮೀಪದ ಹಳ್ಳಿಗಳಲ್ಲಿ ಅಕ್ಷರವೇ ಬಾರದ 30 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು. 21 ಮಂದಿಗೆ ಆರು ತಿಂಗಳು ದೇವನಾಗರಿ ಓದು ಬರಹ ಕಲಿಸಲಾಯಿತು. ಉಳಿದ ಒಂಬತ್ತು ಮಂದಿಗೆ ಕಲಿಸಲಿಲ್ಲ. ಮೊದಲು ಒಮ್ಮೆ, ಕೊನೆಗೊಮ್ಮೆ ಎಲ್ಲರ ಮಿದುಳಿನ ಸ್ಕ್ಯಾನ್ ಮಾಡಲಾಯಿತು. ಕಲಿತವರಲ್ಲಿ ಬದಲಾವಣೆ ಕಂಡದ್ದು ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ. ಆಳದಲ್ಲಿರುವ ಥಲಾಮಸ್‌ನ ಒಂದು ಭಾಗ, ಅದಕ್ಕೂ ಕೆಳಗೆ ಕಣ್ಣಿನ ಜಿಗಿತವನ್ನೂ ಲಕ್ಷ್ಯವನ್ನೂ ನಡೆಸುವ ಸುಪೀರಿಯರ್ ಕೊಲಿಕ್ಯುಲಸ್ ಎಂಬ ಪುಟ್ಟ ದಿಬ್ಬ, ಇವು ನೋಟದ ಹೊರಪದರದೊಂದಿಗೆ ಹೆಚ್ಚು ಹೊಂದಿಕೊಂಡು ಕೆಲಸ ಮಾಡತೊಡಗಿದ್ದವು. ಆ ಪುಟ್ಟ ದಿಬ್ಬ ಇರುವುದು ಮಿದುಳಿನ ನಡುಭಾಗದಲ್ಲೇ. ಬಟ್ಟೆ ಕಟ್ಟಿ ಎಬ್ಬಿಸುತ್ತೇವೆಂದು ಹಣ ಪಡೆದರಲ್ಲ, ಅದೇ ಮಿಡ್‌ಬ್ರೈನಿನಲ್ಲಿ. ಅಕ್ಷರಗಳು ಬಂದು ಮುಖಗಳನ್ನು ಗುರುತಿಸುವ ಜಾಗವನ್ನು ಕಿತ್ತುಕೊಳ್ಳುತ್ತವೆ ಎಂಬ ಅಂಜಿಕೆಯೂ ವಿದ್ವಾಂಸರಲ್ಲಿತ್ತು. ಭಾರತದ ಓದುಗರು ಮತ್ತು ನಿರಕ್ಷರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಅಂಥ ನಷ್ಟವನ್ನು ಕಾಣಲಿಲ್ಲ. ಹೊಸದು ಬಂದಾಗ ಹಳೆಯದನ್ನು ಹೊರಗೆ ಹಾಕಿರಲಿಲ್ಲ.

ಲಖನೌ ಸಮೀಪದ ಆ ಹೆಂಗಸರು ಮನೆ, ಮಕ್ಕಳು, ಹೊಲ ಮನೆಯ ಕೆಲಸಗಳ ನಡುವೆ ಆರು ತಿಂಗಳು ಪಾಟಿ ಹಿಡಿದವರು. ನಮ್ಮ ಮೊಹಲ್ಲಾಗಳಲ್ಲಿ ಕುರಾನನ್ನು ಬಲದಿಂದ ಎಡಕ್ಕೆ ಸರಾಗವಾಗಿ ಓದುವ, ಆದರೆ ಬಸ್ಸಿನ ಕನ್ನಡ ಬೋರ್ಡು ಓದಲು ಮಗನನ್ನು ಕೇಳುವ ತಾಯಂದಿರಿದ್ದಾರೆ. ಉರ್ದುವಿನಲ್ಲಿ ಅಜ್ಜ ಬರೆದ ಜಮೀನಿನ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಓದಿಸಲು ಆಳು ಹುಡುಕುವ ಲಿಂಗಾಯತ ಮನೆಗಳೂ ಇವೆ. ಆ ತಾಯಂದಿರಿಗೆ ಕನ್ನಡ, ಆ ಮನೆಯ ಹುಡುಗರಿಗೆ ಉರ್ದು, ಎರಡಕ್ಕೂ ಸಂಜೆಯ ಒಂದು ತಾಸು, ಒಂದು ಕೋಣೆ, ಒಬ್ಬ ಮಾಸ್ತರರು ಬೇಕು.